ಪಾಳಿ ಇಲ್ಲದ ದಿನದ ನೀರು

ತರೀಕೆರೆಯಲ್ಲಿ ಅಕ್ಕನ ಬೀದಿಗೆ ಭದ್ರಾ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಯಾರ ಮನೆಯಲ್ಲಾದರೂ ಶುಭಕಾರ್ಯವಿದ್ದರೆ ಪಾಳಿ ಇಲ್ಲದ ದಿನವೂ ಬೆಳಿಗ್ಗೆ ಒಂದು ಗಂಟೆ ಬಿಡುವುದುಂಟು. ಇದು ಯಾವ ಕಡತದಲ್ಲೂ ಇಲ್ಲ, ಅರ್ಜಿಯೂ ಬೇಡ. ವಾಲ್ವ್ ತಿರುಗಿಸುವ ನೀರುಗಂಟಿಗೆ ಮುಂಚೆಯೇ ಎದುರಿಗೆ ನಿಂತು ಹೇಳಬೇಕು, ಅಷ್ಟೇ. ಫೋನಿನಲ್ಲಿ ಹೇಳಿದ್ದನ್ನು ಆತ ಹೇಳಿದ್ದೆಂದೇ ಎಣಿಸುವುದಿಲ್ಲ.

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಕಡೂರಿನಿಂದ ಮೂರು ದಿನ ಮೊದಲೇ ಬಂದಿದ್ದ ನನಗೆ ಆ ಕೆಲಸ ಒಪ್ಪಿಸಿದ್ದರು. ಬೇರೆ ಯಾವ ಕೆಲಸಕ್ಕೂ ನಾನು ಆಗುವವನಲ್ಲ ಎಂದು ಅಕ್ಕನಿಗೆ ಗೊತ್ತು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅಡುಗೆಯವರು ಹಿತ್ತಿಲ ಡ್ರಮ್ಮಿಗೆ ಕೈ ಅದ್ದಿ ಮುಖ ಸಿಂಡರಿಸಿದರು.

"ಇದು ಬೋರ್ ನೀರು ಕಣಮ್ಮ. ಇದ್ರಲ್ಲಿ ಬೇಳೆ ಬೇಯಲ್ಲ. ಹೊಳೆ ನೀರು ಬರ್ಲಿಲ್ಲ ಅಂದ್ರೆ ಹೋಳಿಗೆ ಮರ್ತ್‌ಬಿಡಿ. ಚಿತ್ರಾನ್ನ ಹಾಕಿ ಕಳಿಸೋಣ."

ಗಂಡಿನ ಕಡೆಯವರು ಹನ್ನೊಂದಕ್ಕೆಲ್ಲ ಅಜ್ಜಂಪುರದಿಂದ ಬರುವವರಿದ್ದರು. ಮೊದಲ ಸಲ ಬರುವ ಬೀಗರಿಗೆ ಚಿತ್ರಾನ್ನವೆಂದರೆ ಅಕ್ಕ ಜನ್ಮದಲ್ಲಿ ಮರೆಯುವುದಿಲ್ಲ, ಅವರೂ ಮರೆಯುವುದಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

"ಲೇ, ನೀರುಗಂಟಿಗೆ ಹೇಳಿದ್ಯಾ?"

"ಹೇಳಿದ್ದೀನಲ್ಲ."

ಹೇಳಿಬಿಟ್ಟೆ. ಮರುಕ್ಷಣವೇ ಅನುಮಾನ ಶುರುವಾಯಿತು. ಹಾಲಿನ ಬೂತಿನ ಪಕ್ಕ, ಖಾಕಿ ಅಂಗಿ, ಅಲ್ಲೇ ನಿಲ್ಲಿಸಿದ್ದ ಬೈಕು, ನನ್ನ ಮಾತಿಗೆಲ್ಲ ತಲೆಯಾಡಿಸಿದ ಆಸಾಮಿ. ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಅಷ್ಟು ಚೊಕ್ಕಟವಾಗಿದ್ದದ್ದೇ ನನಗೆ ಹಿಡಿಸಲಿಲ್ಲ. ಮಾಡಬೇಕೆಂದುಕೊಂಡ ಕೆಲಸವನ್ನು ಮಾಡಿಯೇಬಿಟ್ಟೆನೆಂದು ನೆನಪಿಟ್ಟುಕೊಳ್ಳುವ ಚಾಳಿ ನನ್ನದು. ಜಗಲಿಯಲ್ಲಿ ಕೂತು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದನ್ನೇ ಈಗ ಹೇಳಿದ್ದೆಂದು ನಂಬಿದ್ದೇನೆಯೇ?

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು ಕೇಳಿಸಿಕೊಂಡು, "ನೀರುಗಂಟಿನಾ? ಅವರೆಲ್ಲಿದ್ರು ಊರಲ್ಲಿ? ವಾರದಿಂದ ಲಿಂಗದಹಳ್ಳೀಲಿದ್ದು ನಿನ್ನೆ ತಾನೇ ಬಂದಿದಾರೆ" ಎಂದರು.

ಅಲ್ಲಿಗೆ ಮುಗಿಯಿತು. ಊರಲ್ಲೇ ಇಲ್ಲದವನ ಜೊತೆ ನಾನು ಮಾತಾಡಿದ್ದೆ. ಅಕ್ಕನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ನೀರಿನ ಟ್ಯಾಂಕಿನ ಕಡೆ ಓಡಿದೆ. ಓಟವೆಂದರೆ ನನ್ನ ವಯಸ್ಸಿನ ಓಟ.

ಅರ್ಧ ದಾರಿಯಲ್ಲೇ ಒಬ್ಬರು ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು ಎದುರು ಬಂದರು. ಬಿಳಿ ಮೀಸೆ. ಆ ಮುಖವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಸ್ವಾಮಿ, ಇವತ್ತು ನಮ್ಮಕ್ಕನ ಮನೇಲಿ..."

"ನಿಶ್ಚಿತಾರ್ಥ. ನೀರು ಬಿಟ್ಟೇ ಬಂದೆ, ಹೋಗಿ ಹಿಡ್ಕಳಿ."

"ನಿಮಗ್ಯಾರು ಹೇಳಿದ್ರು?"

ಅವರು ಸಲಾಕೆಯನ್ನು ನೆಲಕ್ಕೂರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ಆ ಮೇಷ್ಟ್ರು ನೀವೇನಾ? ಕರೆಂಟ್ ಮೀಟರ್ ಓದೋನಿಗೆ ನೀರು ಬಿಡು ಅಂದ್ರಂತಲ್ಲ! ನಿನ್ನೆ ಟೀ ಅಂಗಡೀಲಿ ಹೇಳ್ಕೊಂಡು ಹೇಳ್ಕೊಂಡು ನಗ್ತಿದ್ದ."

"ನಾನು ನೀರುಗಂಟಿ ಅಲ್ಲ ಅಂತ ಅವನು ಅಲ್ಲೇ ಹೇಳ್ಬಹುದಿತ್ತಲ್ಲ?"

"ಹೇಳೋಕೆ ಬಾಯಿ ತೆಗೆದ್ನಂತೆ. ನೀವು ಬೋರ್ ನೀರಲ್ಲಿ ಬೇಳೆ ಯಾಕೆ ಬೇಯಲ್ಲ ಅಂತ ಪಾಠ ಶುರು ಮಾಡಿದ್ರಂತೆ. ಮುಗಿಯೋಷ್ಟರಲ್ಲಿ ಅವನ ಬಸ್ ಬಂತು."

ನಡುರಸ್ತೆಯಲ್ಲಿ ನಿಂತು ನಕ್ಕುಬಿಟ್ಟೆ. ಬೂತು ನಿಜ, ಖಾಕಿ ಅಂಗಿ ನಿಜ, ತಲೆಯಾಡಿಸಿದ್ದೂ ನಿಜ. ಮನುಷ್ಯ ಮಾತ್ರ ಬೇರೆ. ಬೈಕು ಯಾರದೋ, ಇರಲಿ. ತಪ್ಪು ಮಾಡಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನಗೆ ಇನ್ನೊಂದು ನೆನಪಿಲ್ಲ.

"ಎದುರಿಗೆ ಹೇಳಿರ್ಲಿಲ್ಲ, ಆದ್ರೂ ಬಿಟ್ರಲ್ಲ" ಎಂದೆ.

"ಒಂದು ಹೆಣ್ಣುಮಗೀನ ಕಾರ್ಯ. ನೀವು ಬಂದು ಹೇಳ್ಲಿ ಅಂತ ಕೂತ್ಕೊಳಕಾಯ್ತದಾ? ಊಟಕ್ಕೆ ಅವನನ್ನೂ ಕರೀರಿ, ಪಾಪ."

ಮನೆಗೆ ಬಂದರೆ ಅಕ್ಕ ಸೆರಗು ಸಿಕ್ಕಿಸಿ ಅಂಗಳದಲ್ಲಿ ನಿಂತಿದ್ದಳು. ಕೊಳಗ ತುಂಬಿ ಹೊರಗೆ ಹರಿಯುತ್ತಿತ್ತು.

"ಎಲ್ಲಿ ಹಾಳಾಗಿ ಹೋಗಿದ್ಯೋ? ನೀರು ಬಂದು ಎಷ್ಟೊತ್ತಾಯ್ತು! ಹಿಡಿ ಪೈಪು."

ಹಿಡಿದೆ. ಯಾರಿಗೆ ಹೇಳಿದೆನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂಬತ್ತರ ಹೊತ್ತಿಗೆ ಅಡುಗೆಯವರು ಸೌಟಿನಿಂದ ನಾಲ್ಕು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು. ಬೆಣ್ಣೆಯ ಹಾಗೆ ಮುದ್ದೆಯಾಯಿತು.

"ಬೆಲ್ಲ ಕುಟ್ಟಿ ಕೊಡಮ್ಮ" ಎಂದರು.