ಚಂದಾ ಮುಗಿದ ಮೇಲೆ ಎಳೆದ ಗೆರೆ

ಬೆಳಿಗ್ಗೆ ಕಂಪ್ಯೂಟರ್ ತೆರೆದರೆ, ನಕ್ಷೆ ಬರೆಯುವ ತಂತ್ರಾಂಶದ ಚಂದಾ ಮುಗಿದಿದೆ, ನವೀಕರಿಸಿ ಎಂಬ ಕೆಂಪು ಪಟ್ಟಿ. ನೀವೇ ಹೇಳಿ, ನಾನೇ ಎಳೆದ ಗೆರೆಗಳನ್ನು ನೋಡಲು ತಿಂಗಳು ತಿಂಗಳೂ ಕಾಸು ಕಟ್ಟಬೇಕೆಂದರೆ ಸಿಟ್ಟು ಬರುವುದಿಲ್ಲವೇ? ಲಗ್ಗೆರೆಯ ಒಂದು ಕೋಣೆಯಲ್ಲಿ ಕೂತು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೆ ಸ್ವಿಚ್ಚುಗಳನ್ನು ಕೂರಿಸುವ ತಗಡಿನ ಪ್ಯಾನೆಲ್‌ಗಳ ನಕ್ಷೆ ಬರೆದುಕೊಡುವವನು ನಾನು. ಕೋಣೆಗೆ ಬಾಡಿಗೆ ಸರಿ, ಗೆರೆಗೂ ಬಾಡಿಗೆಯೇ? ಸಿಟ್ಟಿನಲ್ಲೇ ಪುಕ್ಕಟೆ ಸಿಗುವ ಬೇರೊಂದು ತಂತ್ರಾಂಶ ಹಾಕಿಕೊಂಡೆ.

ಶೌರ್ಯವೆಲ್ಲ ಅರ್ಧ ಗಂಟೆಯಲ್ಲಿ ಇಳಿಯಿತು. ಇಪ್ಪತ್ತೈದು ವರ್ಷದ ಅಭ್ಯಾಸ ನೋಡಿ, ಬೆರಳು ಹಳೆಯ ಕೀಲಿಗಳನ್ನೇ ಒತ್ತುತ್ತದೆ. ಗೆರೆ ಬೇಕೆಂದರೆ ವೃತ್ತ ಬರುತ್ತದೆ, ವೃತ್ತ ಅಳಿಸಹೋದರೆ ಇಡೀ ನಕ್ಷೆಯೇ ಮಾಯ. ಐವತ್ತೆರಡರಲ್ಲಿ ಇದು ನನ್ನ ಕೈಗೆ ಹತ್ತದಿದ್ದರೆ ಅನ್ನಕ್ಕೇನು ಗತಿ ಎಂದು ನಿಜಕ್ಕೂ ಹೆದರಿಕೆಯಾಯಿತು. ಆಗ ರಂಗಣ್ಣನವರು ನೆನಪಾದರು.

ರಂಗಣ್ಣನವರು ನನಗೆ ಕೆಲಸ ಕಲಿಸಿದವರು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತರೆಂದರೆ ಊಟದ ಗಂಟೆಯೂ ಅವರಿಗೆ ಕೇಳಿಸುತ್ತಿರಲಿಲ್ಲ. ಪೆನ್ಸಿಲ್ ಚೂಪು ಮಾಡುವುದನ್ನೇ ನನಗೆ ಒಂದು ವಾರ ಕಲಿಸಿದ ಮಹಾನುಭಾವರು. ಕಂಪ್ಯೂಟರ್ ಬಂದಾಗ ಅವರಿಗೆ ಕಲಿಸುವ ಸರದಿ ನನ್ನದಾಯಿತು. ಅವರು ತಡವರಿಸಿದಾಗಲೆಲ್ಲ, "ಬಿಡಿ ಸಾರ್, ನಾನೇ ಮಾಡ್ಬಿಡ್ತೀನಿ" ಎಂದು ಮೌಸ್ ಕಿತ್ತುಕೊಳ್ಳುತ್ತಿದ್ದೆ. ಹದಿನೈದು ದಿನ ನೋಡಿದರು. "ನಿನ್ ಕೈ ಓಡ್ದಂಗೆ ನನ್ ಕೈ ಓಡಲ್ಲ ಕಣಪ್ಪ" ಎಂದವರೇ ಸ್ಟೋರ್ಸಿಗೆ ವರ್ಗ ಕೇಳಿಕೊಂಡು ಹೋದರು. ನಾನು ಅವರ ಜಾಗದಲ್ಲಿ ಕೂತೆ. ನಾಚಿಕೆಯಿಲ್ಲದೆ, ಖುಷಿಯಿಂದಲೇ ಕೂತೆ.

ಹೇಗೋ ಮೂರನೆಯ ದಿನ ಒಂದು ನಕ್ಷೆ ಮುಗಿಸಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಯಲ್ಲಪ್ಪನ ವರ್ಕ್‌ಶಾಪಿಗೆ ಹೋದೆ. ಬಾಗಲಕೋಟೆ ಕಡೆಯವನು, ಪ್ಯಾನೆಲ್ ಕೆಲಸದಲ್ಲಿ ಪಳಗಿದ ಕೈ. ನಮ್ಮಲ್ಲಿ ನಕ್ಷೆಯನ್ನು ನಿಜ ಅಳತೆಯಲ್ಲೇ ಮುದ್ರಿಸಿ, ತಗಡಿಗೆ ಅಂಟಿಸಿ, ಕಾಗದದ ಮೇಲೆಯೇ ಗುರುತು ಹೊಡೆದು ತೂತು ಕೊರೆಯುವುದು ರೂಢಿ. ಅಲ್ಲಿನ ಪ್ರಿಂಟರಿನಿಂದ ಬಂದ ಹಾಳೆಗೆ ಅಂಟು ಹಚ್ಚುವ ಮೊದಲು ಯಲ್ಲಪ್ಪ ಒಂದು ಸ್ವಿಚ್ಚನ್ನು ವೃತ್ತದ ಮೇಲಿಟ್ಟು ನೋಡಿದ.

"ಸರ, ಇದು ಕುಂದ್ರಂಗಿಲ್ರಿ. ತೂತು ಸಣ್ಣದಾಗೇತಿ."

ನಕ್ಷೆ ಹಾಳೆಯೊಳಗೆ ಹಿಡಿಸಲೆಂದು ಕುಗ್ಗಿ ಮುದ್ರಣವಾಗಿತ್ತು. ಅದನ್ನು ತಪ್ಪಿಸುವುದು ಎಲ್ಲಿ ಎಂದು ನನಗೆ ತಿಳಿಯದು. ಎರಡನೆಯ ಹಾಳೆಯೂ ಕೆಟ್ಟಿತು.

"ನಂಗಿದು ಬರಲ್ಲ ಬಿಡಪ್ಪ" ಎಂದೆ.

"ಬರತೈತ್ರಿ. ಇನ್ನೊಮ್ಮೆ ತಗೀರಿ, ನಾ ಇಲ್ಲೇ ನಿಂದರತೀನಿ."

ಹೊರಗೆ ಅವನಿಗೆ ಬೇಕಾದಷ್ಟು ಕೆಲಸ ಬಿದ್ದಿತ್ತು. ಆದರೂ ನಿಂತ, ಒಂದು ನಿಟ್ಟುಸಿರೂ ಬಿಡದೆ. ತಡಕಾಡಿ ತಡಕಾಡಿ ಕೊನೆಗೆ ನಿಜ ಅಳತೆಯ ಆಯ್ಕೆ ಸಿಕ್ಕಿತು; ಮೂರನೆಯ ಹಾಳೆಯಲ್ಲಿ ಸ್ವಿಚ್ ಸರಿಯಾಗಿ ಕೂತಿತು. ಅನ್ನದ ಚಿಂತೆ ಬಿಟ್ಟಿತು, ಇನ್ನೊಂದು ಚಿಂತೆ ಹಿಡಿಯಿತು. ಮನೆಗೆ ಬಂದವನೇ ರಂಗಣ್ಣನವರಿಗೆ ಫೋನ್ ಮಾಡಿದೆ.

"ಸಾರ್, ಅವತ್ತು ನಾನು ನಿಮ್ಗೆ ಸರಿಯಾಗಿ ಕಲಿಸ್ಲಿಲ್ಲ."

"ಗೊತ್ತು ಕಣಪ್ಪ" ಎಂದರು ಸಲೀಸಾಗಿ. ಆಮೇಲೆ, "ಈಗ ಕಲಿಸ್ತೀಯಾ?" ಎಂದರು.

ಈಗ ಭಾನುವಾರಗಳಲ್ಲಿ ಅವರ ಮನೆಗೆ ಹೋಗುತ್ತೇನೆ. ಪುಕ್ಕಟೆಯದಾದ್ದರಿಂದ ಅವರ ಕಂಪ್ಯೂಟರಿಗೂ ಆ ಹೊಸ ತಂತ್ರಾಂಶವನ್ನೇ ಹಾಕಿಕೊಟ್ಟೆ. ಮೊದಲ ಚೌಕ ಬರೆಯಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.