ಮೈದಾ ಅಂಟು ಮತ್ತು ಅಮೆರಿಕದ ಟ್ಯಾಕ್ಸು

ಮೊನ್ನೆ ಮಗಳ ಶಾಲೆಯ ಚಾರ್ಟು ಅಂಟಿಸಲು ಹೊರಟರೆ ಮನೆಯಲ್ಲಿ ಗೋಂದು ಮುಗಿದಿತ್ತು. ಸರಿ, ಒಂದಿಷ್ಟು ಮೈದಾ ಕುದಿಸಿದೆ. ಪಾತ್ರೆಯಿಂದ ಆ ವಾಸನೆ ಎದ್ದಿತೋ ಇಲ್ಲವೋ, ಹೆಡ್‌ಕ್ಲಾರ್ಕ್ ಮಾಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು...

ಅಂಕೋಲೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾಗಿದ್ದರು. ನಿವೃತ್ತಿ ಆದದ್ದು ಕಚೇರಿಗೆ, ತಮಗಲ್ಲ ಎಂಬಂತೆ ಇದ್ದರು. ಕೇರಿಯ ಯಾರ ಅರ್ಜಿಯೂ ಅವರ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಪಿನ್ನು ತುಕ್ಕು ಹಿಡಿಯುತ್ತದೆ, ದಾರ ಹರಿಯುತ್ತದೆ, ಅಂಟಿಸಿದ್ದು ಮಾತ್ರ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ತಾವೇ ಮೈದಾ ಕುದಿಸಿ, ಜಿರಲೆ ಮುಟ್ಟದಿರಲೆಂದು ಮೈಲುತುತ್ತ ಬೆರೆಸಿ, ಮಾಮಿಯ ಬಿಸ್ಕೀಟು ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಮಾಮಿ ಬೈದು ಬೈದು ಸಾಕಾಗಿ ಬಿಸ್ಕೀಟು ತರುವುದನ್ನೇ ಬಿಟ್ಟಿದ್ದರು.

ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು ಅವು. ಶಿಕ್ಷಕರ ವಿನಿಮಯ ಯೋಜನೆಯಲ್ಲಿ, ಎಕ್ಸ್‌ಚೇಂಜ್ ವೀಸಾದ ಮೇಲೆ, ಅಮೆರಿಕದ ಒಂದು ಶಾಲೆಯಲ್ಲಿ ಕೆಲವು ತಿಂಗಳು ಪಾಠ ಮಾಡಿ ಬಂದಿದ್ದೆ. ಊರಿಗೆ ಮರಳಿ ಮೀನುಸಾರು ಉಂಡು ಸುಖವಾಗಿದ್ದವಳಿಗೆ ಬಸ್‌ಸ್ಟ್ಯಾಂಡ್ ಬಳಿಯ ಸೈಬರ್ ಕೆಫೆಯಲ್ಲಿ ಆ ಶಾಲೆಯ ಇಮೇಲ್ ಕಾದಿತ್ತು. ಅಲ್ಲಿ ಸಿಕ್ಕ ಸಂಬಳಕ್ಕೆ, ನಾನು ಅಮೆರಿಕದ ಕಾಯಂ ನಿವಾಸಿಯಲ್ಲ, ಅನಿವಾಸಿ ಎಂದು ಟ್ಯಾಕ್ಸ್ ರಿಟರ್ನ್ ತುಂಬಿ ಏಪ್ರಿಲ್ ಹದಿನೈದರೊಳಗೆ ಕಳಿಸಬೇಕಂತೆ. ಇಲ್ಲದಿದ್ದರೆ ಮುಂದೆ ವೀಸಾಕ್ಕೆ ತೊಡಕಾದೀತಂತೆ. ಆ ಶಾಲೆಯವರು ಮತ್ತೆ ಕರೆಸುತ್ತೇವೆ ಎಂದಿದ್ದರು, ನನಗೂ ಇನ್ನೊಮ್ಮೆ ಹೋಗಲು ಜೀವ ಹಾರುತ್ತಿತ್ತು.

ಫಾರ್ಮು ಪ್ರಿಂಟ್ ತೆಗೆಸಿ, ಕಷ್ಟಪಟ್ಟು ತುಂಬಿ, ಅಡಿಯಲ್ಲಿ ಸಹಿ ಹಾಕಿ ಮುಗಿಸುವಷ್ಟರಲ್ಲಿ ಮಾಮ ಕನ್ನಡಕ ಏರಿಸಿಕೊಂಡು ಬಂದರು.

"ಅನಿವಾಸಿ ಅಂತ ಬರ್ದಿದ್ದಿ. ಪುರಾವೆ ಎಲ್ಲಿ?"

"ಅವ್ರು ಕೇಳ್ಲಿಲ್ಲ ಮಾಮ."

"ಕೇಳೂಕೆ ಮೊದ್ಲೇ ಕೊಡ್ಬೇಕು ತಂಗಿ. ನೀ ಅಲ್ಲಿಯವಳಲ್ಲ ಅಂದ್ರೆ ಮತ್ತೆ ಎಲ್ಲಿಯವಳು? ಅದು ಕಾಗದದ ಮೇಲೆ ಬರ್ಬೇಕಲ್ಲ."

ಎರಡೇ ದಿನದಲ್ಲಿ ಶಾನಭೋಗರನ್ನು ಹಿಡಿದು ನನ್ನ ಹೆಸರಿನಲ್ಲಿ ಒಂದು ವಾಸದ ದಾಖಲೆ ತಂದರು. ಅರ್ಧ ಹಾಳೆ, ಅಚ್ಚ ಕನ್ನಡ, ನೀಲಿ ಮೊಹರು. ಸದರಿಯವರು ಹುಟ್ಟಿದಾರಭ್ಯ ಇಲ್ಲಿಯೇ ಕಾಯಂ ವಾಸವಾಗಿದ್ದು, ಊರು ಬಿಟ್ಟು ಎಲ್ಲಿಯೂ ಹೋಗಿರುವುದಿಲ್ಲ ಎಂದು ಬರೆದಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಎಲ್ಲೂ ಹೋಗ್ಲೇ ಇಲ್ಲ ಅಂದ್ರೆ ಅಲ್ಲಿ ಸಂಬಳ ತಕಂಡವ್ಳು ಯಾರು ಮಾಮ?"

ಮಾಮ ಮೊಹರಿನ ಮೇಲೆ ಬೆರಳಿಟ್ಟರು. "ಅದು ಅವ್ರು ನೋಡ್ಕಳ್ಲಿ. ನಮ್ಮ ಬದಿ ಕಾಗದ ಗಟ್ಟಿ ಇರ್ಬೇಕು."

ಕವರಿನಲ್ಲಿ ಅದೂ ಒಂದು ಮೂಲೆಗೆ ಬಿದ್ದಿರಲಿ ಎಂದು ನಾನು ಒಪ್ಪಿಕೊಂಡೆ. ಕವರು ಮುಚ್ಚುವ ಕೆಲಸವನ್ನಂತೂ ಅವರು ಬೇರೆಯವರಿಗೆ ಬಿಡುವವರೇ ಅಲ್ಲ. ಮರುದಿನ ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಅಂಕೋಲೆಯ ಅಂಚೆಗೆ ಅಮೆರಿಕ ದೂರವಾಯಿತು ಎಂಬುದು ಅವರ ಅಭಿಪ್ರಾಯ. ಪಕ್ಕದಲ್ಲಿ ಮೀನುಬುಟ್ಟಿ ಬಂದು ಕೂತದ್ದೇ, ತೊಡೆಯ ಮೇಲಿದ್ದ ಕವರನ್ನು ತಲೆಯ ಮೇಲೆತ್ತಿ ಕಾರವಾರದವರೆಗೂ ಹಾಗೇ ಹಿಡಿದಿದ್ದರು. ಅಂಚೆ ಕಚೇರಿಯಲ್ಲಿ, ಅಮೆರಿಕದವರು ಇದಕ್ಕೆ ಇನ್‌ವರ್ಡ್ ನಂಬರು ಯಾವಾಗ ಕೊಡುತ್ತಾರೆ ಎಂದು ವಿಚಾರಿಸಿದರು. ಕೌಂಟರಿನವನು ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಮಳೆಗಾಲ ಹಿಡಿದ ಮೇಲೆ ಅದೇ ಫಾರ್ಮು ವಾಪಸು ಬಂತು. ಜೊತೆಗೊಂದು ಚೀಟಿ: ಸಹಿ ಇಲ್ಲ, ಸಹಿ ಹಾಕಿ ಕಳಿಸಿ. ಹಾಕಿದ್ದೆನಲ್ಲ! ಬಿಡಿಸಿ ನೋಡಿದರೆ ನನ್ನ ಸಹಿಯ ಮೇಲೆಯೇ ಶಾನಭೋಗರ ಕಾಗದ ನಾಲ್ಕೂ ಮೂಲೆ ಅಂಟಿಸಿಕೊಂಡು ಕೂತಿತ್ತು. ಹಬೆ ಹಿಡಿದೆ, ಬ್ಲೇಡು ಹಾಕಿದೆ, ಜಪ್ಪಯ್ಯ ಎನ್ನಲಿಲ್ಲ.

ವೀಸಾ ಕೈತಪ್ಪಿದಂತೆಯೇ ಎಂದು ನನಗೆ ಅಳು ಬರುವುದೊಂದು ಬಾಕಿ. ಮಾಮ ಮಾತ್ರ ಫಾರ್ಮನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಅಮೇರಿಕಾಕ್ಕೆ ಹೋಗಿ ಬಂದ್ರೂ ಒಂದು ಮೂಲೆ ಎದ್ದಿಲ್ಲ, ಕಂಡ್ಯಾ?"

ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಹೊಸ ಫಾರ್ಮು ತುಂಬಿ, ಸಹಿ ಹಾಕಿ, ಮಾಮ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹೋಗಿ ಅಂಚೆಗೆ ಹಾಕಿಬಂದೆ. ಏನೂ ತಕರಾರು ಬರಲಿಲ್ಲ. ಕೆಲವು ವರ್ಷ ಬಿಟ್ಟು ಶಾಲೆಯವರು ಕರೆದರು, ವೀಸಾ ಸಿಕ್ಕಿತು. ಹೊರಡುವ ದಿನ ಮಾಮ ಗೇಟಿನವರೆಗೆ ಬಂದರು. ಆಗಲೇ ಕೋಲು ಹಿಡಿದಿದ್ದರು.

"ಆ ಕಾಗದ ತಕಂಡ್ಯಾ? ಎಲ್ಲಿಯವಳು ಅಂತ ಯಾರಾರೂ ಕೇಳಿದ್ರೆ ತೋರ್ಸೂಕೆ ಬೇಕು."

ತಗೊಂಡೆ ಎಂದೆ. ಅದು ಕಪಾಟಿನಲ್ಲೇ ಇತ್ತು.

ನಾನು ಅಲ್ಲಿದ್ದಾಗಲೇ ಮಾಮ ತೀರಿಕೊಂಡರು. ಮಾಮಿ ಫೋನಿನಲ್ಲಿ, "ನೀ ಎಲ್ಲಿದ್ದಿ, ಎಲ್ಲಿದ್ದಿ ಅಂತ ಎರಡು ಸಲ ಕೇಳಿದ್ರು ಮಗಾ" ಎಂದರು. ಮುಖ ನೋಡಲು ಬರಲಾಗಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತು ಅತ್ತೆ...

ಮಗಳ ಚಾರ್ಟು ಒಣಗುವಷ್ಟರಲ್ಲಿ ಕಪಾಟು ತೆಗೆದು ಆ ಫಾರ್ಮು ಹುಡುಕಿದೆ. ಮೊಹರಿನ ನೀಲಿ ಮಾಸಿದೆ, ಅಂಟು ಹಾಗೇ ಇದೆ. ಊರು ಬಿಟ್ಟು ಎಲ್ಲಿಯೂ ಹೋಗಿರುವುದಿಲ್ಲ ಎಂದು ಈಗಲೂ ಓದಬಹುದು. ಅವತ್ತು ನಕ್ಕಿದ್ದೆ. ಮಾಮ ಹೋದ ಆ ಒಂದು ದಿನದ ಮಟ್ಟಿಗಾದರೂ ಅದು ನಿಜವಾಗಿರಬೇಕಿತ್ತು.