ಅಕ್ಕ ಬೇರ್ಪಡಿಸಿಟ್ಟ ಚೇಳುಕೊಂಡಿ

ತಮಿಳು ಸೀಮೆಯಲ್ಲಿರುವ ನಮ್ಮ ಸೂಲೂರಿನ ಕಡೆ ಕೆರೆಯ ನೀರು ಇಳಿದ ಜಾಗದಲ್ಲೆಲ್ಲ ಚೇಳುಕೊಂಡಿ ಗಿಡ ಏಳುತ್ತದೆ. ಕಿಣತ್ತುಕಡವಿನ ಹಳ್ಳಗಳಲ್ಲೂ ಕಂಡಿದ್ದೇನೆ. ಒರಟು ಎಲೆ, ಚೇಳಿನ ಬಾಲದ ಹಾಗೆ ಸುರುಳಿಯಾದ ತುದಿ, ಅದರ ಮೇಲೆ ಸಾಲಾಗಿ ತಿಳಿನೀಲಿ ಹೂ. ಈಗಲೂ ಕಂಡರೆ ಚಪ್ಪಲಿಯಿಂದ ತುಳಿಯುತ್ತೇನೆ. ಗಿಡ ಏನು ತಪ್ಪು ಮಾಡಿತ್ತು?

ಮೇಯುವ ಹಸು ಅದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಕೊಯ್ದ ಹುಲ್ಲಿನ ಜೊತೆ ಸೇರಿಕೊಂಡು ಬರುತ್ತದೆ. ಗಂಡ ತೀರಿಕೊಂಡ ಮೇಲೆ ನನ್ನ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ದಿನವೂ ಮನೆಯ ಹಸುವಿಗೆ ಕೆರೆಯಂಗಳದಿಂದ ಹುಲ್ಲು ತಂದು, ಹರಡಿಕೊಂಡು ಕೂತು, ಒಂದೊಂದೇ ಚೇಳುಕೊಂಡಿ ಹೆಕ್ಕಿ ಪಕ್ಕಕ್ಕೆ ಗುಡ್ಡೆ ಹಾಕುವಳು. ನಾನು ಮೇವು ಕತ್ತರಿಸುವ ಮಿಷನ್ ತಂದಿದ್ದೆ. ಅವಳ ನಿಧಾನ ನನಗೆ ಆಗುತ್ತಿರಲಿಲ್ಲ.

"ಇಷ್ಟು ಹಸಿರು ಬಿಸಾಡ್ತೀಯಲ್ಲಕ್ಕ, ನಿನ್ನ ಹಸು ಏನು ಆರ್.ಎಸ್. ಪುರಂ ಬಂಗಲೆಯಲ್ಲಿ ಹುಟ್ಟಿದ್ದಾ?"

"ಬೇಕಾದ್ರೆ ನೀನು ತಿನ್ನು. ಅದಕ್ಕೆ ಬೇಡ."

ಅವಳು ಒಳಗೆ ಹೋದ ಮೇಲೆ ಆ ಗುಡ್ಡೆಯನ್ನೂ ಮಿಷನ್ನಿಗೆ ತುರುಕುತ್ತಿದ್ದೆ. ಚೂರಾಗಿ ಜೋಳದ ಸಪ್ಪೆಯಲ್ಲಿ ಬೆರೆತದ್ದನ್ನು ಹಸು ಹೇಗೆ ಬಿಟ್ಟು ತಿಂದೀತು? ಬೇಸಿಗೆ ಪೂರ್ತಿ ಹೀಗೇ ಮಾಡಿದೆ.

ಹಸು ಬಡಕಲಾಯಿತು, ಹಾಲು ಬತ್ತಿತು, ಒಂದು ಬೆಳಿಗ್ಗೆ ಏಳಲಿಲ್ಲ. ಕೊಯ್ದು ನೋಡಿದ ಡಾಕ್ಟರು, ಲಿವರ್ ಕಲ್ಲಾಗಿದೆ, ಚೇಳುಕೊಂಡಿ ತಿಂದಿತ್ತಾ ಎಂದು ತಮಿಳಿನಲ್ಲಿ ಕೇಳಿದರು. ಬೀದಿಯವರೆಲ್ಲ ಸೇರಿದ್ದರು. ನಾನು ಅಕ್ಕನ ಕಡೆ ಕೈ ತೋರಿಸಿ ತಮಿಳಿನಲ್ಲೇ ಹೇಳಿದೆ: "ಹುಲ್ಲು ತರೋಳು ಇವಳು. ಕಣ್ಣು ಸರಿಯಿಲ್ಲ."

ಅವಳು ನನ್ನನ್ನು ನೋಡಿದಳು. ಆ ವಾರವೇ ಕಿಣತ್ತುಕಡವಿಗೆ, ಮಗಳ ಮನೆಗೆ, ಹೊರಟುಹೋದಳು. ಹಾಲಿನ ಸೊಸೈಟಿಯಲ್ಲಿ ವರ್ಷಗಟ್ಟಲೆ ಅವಳನ್ನು ಹಸು ಕೊಂದವಳು ಎಂದರು. ನಾನೂ ಅವರ ಜೊತೆ ನಕ್ಕೆ. ಆ ನಗು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೋದ ತಿಂಗಳು ಅವಳ ಬಳಿ ಹೋಗಿ ಎಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಗುಡ್ಡೇನ ತಿಪ್ಪೆಗೆ ಹಾಕ್ತಿದ್ದೀಯ ಅಂತ ನಂಬಿದ್ದೆ. ನೀನು ಕೈ ತೋರಿಸಿದಾಗ್ಲೇ ಗೊತ್ತಾಯ್ತು."

"ತಪ್ಪಾಯ್ತಕ್ಕ."

"ಇಲ್ಲಿ ಬಂದು ಕನ್ನಡದಲ್ಲಿ ಯಾಕೋ ಹೇಳ್ತೀಯ? ಅವತ್ತು ಬೀದಿಗೆಲ್ಲ ಕೇಳೋ ಹಾಗೆ ತಮಿಳಲ್ಲಿ ಹೇಳಿದ್ಯಲ್ಲ. ಹೋಗಿ ಅಲ್ಲೇ ಹೇಳು."

ಮಾರನೇ ಬೆಳಿಗ್ಗೆ ಸೊಸೈಟಿಯ ಸಾಲಿನಲ್ಲಿ ನಿಂತು ತಮಿಳಿನಲ್ಲಿ ಹೇಳಿದೆ. ಅವಳಿಗೆ ಆ ಹೆಸರಿಟ್ಟವರಲ್ಲಿ ಒಬ್ಬ ನಕ್ಕ. "ಬಿಡಿ ತಾತಾ, ಒಂದು ಹಸು ತಾನೇ." ಅವನ ಕೈಯಿಂದ ಹಾಲಿನ ಕ್ಯಾನ್ ಕಿತ್ತು ಕೆಳಗಿಟ್ಟೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ, ಇನ್ನೂ ಗಟ್ಟಿಯಾಗಿ, ಮತ್ತೆ ಹೇಳಿದೆ.